ಸೆನ್ಸೆಕ್ಸ್ ಬಿತ್ತು ಅಂದಾಗ ಗಾಬರಿ ಆಗೋ ಮೊದ್ಲು ಈ ಲೆಕ್ಕ ಮಾಡಿ ನೋಡಿ

ಟಿವಿಲಿ "ಸೆನ್ಸೆಕ್ಸ್ 1,000 ಪಾಯಿಂಟ್ ಕುಸಿತ" ಅಂತ ಕೆಂಪು ಪಟ್ಟಿ ಓಡ್ತಿದ್ರೆ ಮೊದ್ಲು ಪಾಯಿಂಟ್ ಬಿಟ್ಟು ಪರ್ಸೆಂಟ್ ತೆಗೀರಿ. ಸೆನ್ಸೆಕ್ಸ್, ಅಂದ್ರೆ ಬಾಂಬೆ ಷೇರುಪೇಟೆಯ 30 ದೊಡ್ಡ ಕಂಪನಿಗಳ ಸೂಚ್ಯಂಕ (ಇಂಡೆಕ್ಸ್), 80,000 ಇದ್ದಾಗ 1,000 ಪಾಯಿಂಟ್ ಅಂದ್ರೆ 1.25%, ಇಂಥ ದಿನಗಳು ವರ್ಷಕ್ಕೆ ಎಷ್ಟೋ ಬರ್ತವೆ. 1992 ಏಪ್ರಿಲ್ 28ಕ್ಕೆ, ಷೇರು ದಲ್ಲಾಳಿ ಹರ್ಷದ್ ಮೆಹ್ತಾ ಹಗರಣದ ಟೈಮಲ್ಲಿ, ಬಿದ್ದಿದ್ದು ಬರೀ 570 ಪಾಯಿಂಟ್, ಆದ್ರೆ ಅದು ಸುಮಾರು 12.8%. 2024 ಜೂನ್ 4, ಲೋಕಸಭೆ ರಿಸಲ್ಟ್ ದಿನ, 4,390 ಪಾಯಿಂಟ್ ಬಿತ್ತು, ಅದು 5.7%. ಪಾಯಿಂಟಲ್ಲಿ ನೋಡಿದ್ರೆ ಎರಡನೇದು ಏಳೆಂಟು ಪಟ್ಟು ದೊಡ್ಡದು, ಜೇಬಿಗೆ ಬಿದ್ದ ಹೊಡೆತ ನೋಡಿದ್ರೆ ಮೊದಲನೇದರ ಅರ್ಧಾನೂ ಇಲ್ಲ.

ಚಾರ್ಟಲ್ಲೂ ಇದೇ ಪ್ರಾಬ್ಲಮ್ಮು. ಮಾಮೂಲಿ ಚಾರ್ಟಲ್ಲಿ 1992 ಚಪ್ಪಟೆ ಗೆರೆ ಥರ ಕಾಣತ್ತೆ, ಅಲ್ಲಿ ಏನೂ ಆಗೇ ಇಲ್ಲ ಅನ್ನೋ ಹಾಗೆ. ಚಾರ್ಟ್ ಸೆಟ್ಟಿಂಗಲ್ಲಿ ಲಾಗ್ ಸ್ಕೇಲ್ ಅಂತ ಇರತ್ತೆ, ಅದನ್ನ ಆನ್ ಮಾಡಿ, ಆಗ 10% ಏರಿಕೆ ಯಾವ ಕಾಲದ್ದಾದ್ರೂ ಒಂದೇ ಎತ್ತರ ಕಾಣತ್ತೆ, 1992ರ ಗುಡ್ಡ ಎದ್ದು ನಿಲ್ಲತ್ತೆ. ಆ ಗುಡ್ಡದ ತುದಿ ಸುಮಾರು 4,467, ಹನ್ನೊಂದು ವರ್ಷ ಆದ್ಮೇಲೆ 2003 ಏಪ್ರಿಲಲ್ಲಿ ಸೆನ್ಸೆಕ್ಸ್ ಇದ್ದಿದ್ದು 3,000 ಆಸುಪಾಸು. "ಲಾಂಗ್ ಟರ್ಮ್ ಇಟ್ರೆ ನಷ್ಟಾನೇ ಇಲ್ಲ" ಅಂತ ಯಾರಾದ್ರೂ ಹೇಳಿದ್ರೆ ಈ ಹನ್ನೊಂದು ವರ್ಷ ತೋರಿಸಿ.

ಈಗ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಆಗಿರೋದು, ಸ್ಟಾರ್ಟ್ ಡೇಟ್. ಯಾರೇ ರಿಟರ್ನ್ ಹೇಳಿದ್ರೂ ಎಲ್ಲಿಂದ ಎಲ್ಲಿವರೆಗೆ ಅಂತ ಕೇಳಿ, ಉತ್ತರ ಸಿಗೋವರೆಗೂ ಆ ನಂಬರ್ ನಂಬಬೇಡಿ. 2008 ಜನವರಿ 8ಕ್ಕೆ ಸೆನ್ಸೆಕ್ಸ್ ಕ್ಲೋಸ್ ಆಗಿದ್ದು 20,873ಕ್ಕೆ. ಅವತ್ತು ದುಡ್ಡು ಹಾಕಿದೋರಿಗೆ 2024 ಜನವರಿಗೆ, ಅಂದ್ರೆ 16 ವರ್ಷಕ್ಕೆ, ಇಂಡೆಕ್ಸ್ 71,000 ದಾಟಿತ್ತು, ಲೆಕ್ಕ ಹಾಕಿದ್ರೆ ವರ್ಷಕ್ಕೆ ಸುಮಾರು 8%, ಕಂಪನಿಗಳು ಹಂಚೋ ಲಾಭ, ಅಂದ್ರೆ ಡಿವಿಡೆಂಡ್, ಸೇರಿಸಿದ್ರೆ ಇನ್ನೊಂದು ಒಂದೂಕಾಲು ಪರ್ಸೆಂಟ್ ಜಾಸ್ತಿ. ಅದೇ 2009 ಮಾರ್ಚ್ 9ಕ್ಕೆ, ಇಂಡೆಕ್ಸ್ 8,160ರಲ್ಲಿ ಒದ್ದಾಡ್ತಿದ್ದಾಗ ಹಾಕಿದೋರಿಗೆ 2024 ಮಾರ್ಚಿಗೆ 74,000, ವರ್ಷಕ್ಕೆ ಹತ್ರ ಹತ್ರ 16%. ಒಂದೇ ದೇಶ ಒಂದೇ ಇಂಡೆಕ್ಸ್, ಶುರು ಮಾಡಿದ್ದು ಹದಿನಾಲ್ಕು ತಿಂಗಳು ಹಿಂದೆ ಮುಂದೆ, ರಿಟರ್ನ್ ಡಬಲ್. ಹಾಗಾಗಿ ಮ್ಯೂಚುಯಲ್ ಫಂಡ್ ಜಾಹೀರಾತಲ್ಲಿ 2020 ಮಾರ್ಚಿಂದ ಲೆಕ್ಕ ತೋರಿಸಿದ್ರೆ ಹುಷಾರಾಗಿರಿ, ಕೋವಿಡ್ ಟೈಮಲ್ಲಿ ಮಾರ್ಚ್ 23 ಒಂದೇ ದಿನ 13% ಬಿದ್ದು 25,981ಕ್ಕೆ ಬಂದಿತ್ತು, ಅಲ್ಲಿಂದ ಶುರು ಮಾಡಿದ್ರೆ ಯಾವ ಫಂಡಾದ್ರೂ ಹೀರೋನೇ. ಒಂದು ಡೇಟ್ ಬದ್ಲು ರೋಲಿಂಗ್ ರಿಟರ್ನ್ ನೋಡಿ, ಅಂದ್ರೆ ಯಾವ್ಯಾವ ದಿನ ಶುರು ಮಾಡಿದ್ರೆ 7 ವರ್ಷಕ್ಕೆ ಎಷ್ಟೆಷ್ಟು ಬಂತು ಅನ್ನೋದು, ಅದ್ರಲ್ಲಿ ಸರಾಸರಿ ನೋಡೋ ಮೊದ್ಲು, ಎಲ್ಲಕ್ಕಿಂತ ಕಡಿಮೆ ಬಂದಿದ್ದು ಎಷ್ಟು ಅಂತ ನೋಡಿ.

ನಿಮ್ಮ ಸ್ವಂತ ಎಸ್ಐಪಿಗೆ, ಅಂದ್ರೆ ಫಂಡಿಗೆ ತಿಂಗಳು ತಿಂಗಳು ಕಟ್ಟೋ ಕಂತಿಗೆ, ಬರೋಣ. ತಿಂಗಳಿಗೆ 5,000 ಥರ ಐದು ವರ್ಷ ಕಟ್ಟಿದೀರ, ಒಟ್ಟು 3 ಲಕ್ಷ, ಈಗ 4 ಲಕ್ಷ ಆಗಿದೆ ಅಂತ ಇಟ್ಕೊಳ್ಳಿ. 33% ಲಾಭ, ಐದರಿಂದ ಭಾಗಿಸಿದ್ರೆ ವರ್ಷಕ್ಕೆ 6.6%, ಎಫ್‌ಡಿನೇ ವಾಸಿ ಅಂತ ಬೇಜಾರು ಮಾಡ್ಕೊಳ್ಳೋರು ತುಂಬಾ ಜನ. ಆದ್ರೆ ಕೊನೇ ಕಂತು ಇನ್ನೂ ಒಂದು ತಿಂಗಳೂ ದುಡಿದಿಲ್ವಲ್ಲ! ಗೂಗಲ್ ಶೀಟ್ಸಲ್ಲಿ ಒಂದು ಕಾಲಂಗೆ ತಾರೀಖು, ಪಕ್ಕದಲ್ಲಿ ಕಟ್ಟಿದ ದುಡ್ಡು ಮೈನಸ್ ಹಾಕಿ, ಕೊನೇ ಸಾಲಲ್ಲಿ ಇವತ್ತಿನ ತಾರೀಖು ಮತ್ತೆ ಇವತ್ತಿನ ಬೆಲೆ ಪ್ಲಸ್ಸಲ್ಲಿ, ಆಮೇಲೆ ಎಕ್ಸ್‌ಐಆರ್‌ಆರ್ (XIRR, ಒಂದೊಂದು ಕಂತೂ ಎಷ್ಟು ದಿನ ದುಡೀತು ಅಂತ ನೋಡಿ ವರ್ಷದ ರಿಟರ್ನ್ ಹೇಳೋದು) ಫಾರ್ಮುಲಾಗೆ ಮೊದ್ಲು ದುಡ್ಡಿನ ಕಾಲಂ ಆಮೇಲೆ ತಾರೀಖಿನ ಕಾಲಂ ಕೊಡಿ. ಉತ್ತರ ಸುಮಾರು 11.5% ಬರತ್ತೆ. ಒಂದು ವರ್ಷ ತುಂಬದ ಹೂಡಿಕೆಗೆ ಮಾತ್ರ ಇದನ್ನ ನೋಡ್ಲೇಬೇಡಿ, ಎರಡು ತಿಂಗಳಲ್ಲಿ 4% ಏರಿದ್ದನ್ನ ಅದು ವರ್ಷಕ್ಕೆ 26% ಅಂತ ತೋರಿಸಿಬಿಡತ್ತೆ.

ಬಂದ ನಂಬರನ್ನ ಹೋಲಿಸೋದು ಪಕ್ಕದ ಮನೆಯವ್ರ ಷೇರಿನ ಜೊತೆ ಅಲ್ಲ, ಅದೇ ಅವಧಿಯ ಇಂಡೆಕ್ಸ್ ಜೊತೆ, ಅದೂ ಡಿವಿಡೆಂಡ್ ಸೇರಿರೋ ಟೋಟಲ್ ರಿಟರ್ನ್ ಇಂಡೆಕ್ಸ್, ಅಂದ್ರೆ ಟಿಆರ್‌ಐ ಜೊತೆ. ಆಮೇಲೆ ಬೆಲೆ ಏರಿಕೆ ಕಳೀರಿ, ವರ್ಷಕ್ಕೆ 6% ಬೆಲೆ ಏರಿದ್ರೆ 12 ವರ್ಷಕ್ಕೆ ದುಡ್ಡಿನ ಬೆಲೆ ಅರ್ಧ. ಇಂಡೆಕ್ಸಲ್ಲಿ ಕೆಟ್ಟ ಕಂಪನಿ ಹೊರಗೆ ಹೋಗತ್ತೆ ಅನ್ನೋದೂ ನೆನಪಿರ್ಲಿ, 2009 ಜನವರಿಲಿ ಸತ್ಯಂ ಅನ್ನೋ ಐಟಿ ಕಂಪನಿಯ ಹಗರಣ ಆದಾಗ ಅದನ್ನ ಸೆನ್ಸೆಕ್ಸಿಂದ ತೆಗೆದು ಸನ್ ಫಾರ್ಮಾ ಹಾಕಿದ್ರು, ನೀವು ಷೇರು ಇಟ್ಟಿರೋ ಡಿಮ್ಯಾಟ್ ಖಾತೇಲಿ ಆ ಕೆಲಸ ಯಾರೂ ಮಾಡಿಕೊಡಲ್ಲ.

ಇಷ್ಟೆಲ್ಲಾ ನೋಡಿದ್ಮೇಲೂ ಇಂಡೆಕ್ಸ್ ಒಂದಲ್ಲಾ ಒಂದಿನ ವಾಪಸ್ ಬಂದೇ ಬರತ್ತೆ ಅಂತ ಡೇಟ್ ಹಾಕ್ಕೊಂಡು ಕೂರೋಕಾಗಲ್ಲ. ಜಪಾನಿನ ಇಂಡೆಕ್ಸ್ ನಿಕ್ಕೈ 1989 ಡಿಸೆಂಬರಲ್ಲಿ ಮುಟ್ಟಿದ್ದ ಎತ್ತರ ಮತ್ತೆ ದಾಟಿದ್ದು 2024 ಫೆಬ್ರವರಿಲಿ. ನಮ್ಮಲ್ಲೂ 2008ರ ಮಟ್ಟಕ್ಕೆ 2010 ನವೆಂಬರಲ್ಲಿ ಒಂದ್ಸಲ ಹೋಗಿ ಜಾರಿ 2013ರ ಕೊನೆವರೆಗೂ ಕೆಳಗೇ ಸುತ್ತಾಡ್ತಿತ್ತು. ಅದಕ್ಕೇ ಮಗಳ ಕಾಲೇಜ್ ಫೀಸು, ಸೈಟ್ ರಿಜಿಸ್ಟ್ರೇಷನ್ನು, ಇಂಥದ್ದಕ್ಕೆ ಮೂರ್ನಾಲ್ಕು ವರ್ಷದಲ್ಲಿ ಬೇಕಾಗೋ ದುಡ್ಡನ್ನ ಈಗ್ಲೇ, ಮಾರ್ಕೆಟ್ ಚೆನ್ನಾಗಿರೋವಾಗ್ಲೇ, ಸ್ವಲ್ಪ ಸ್ವಲ್ಪ ತೆಗೆದು ಎಫ್‌ಡಿಗೋ ಸಾಲಪತ್ರಗಳಲ್ಲಿ ದುಡ್ಡು ಹಾಕೋ ಡೆಟ್ ಫಂಡಿಗೋ ಹಾಕಿಡಿ.