ಹಿಟ್ಟಿಲ್ಲದ ಲಿವರ್ ಫ್ರೈ: 8 ತಿಂಗಳು ಮಾಡಿ ನೋಡಿದ ನನ್ನ ಅನುಭವ

ಕಳೆದ ತಿಂಗಳು ರಕ್ತದ ರಿಪೋರ್ಟ್ ಕೈಗೆ ಬಂದಾಗ ಮೊದಲು ಹುಡುಕಿದ್ದು ಫೆರಿಟಿನ್ ಸಾಲನ್ನು, ಅಂದರೆ ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಅನ್ನೋ ಲೆಕ್ಕ. 8 ತಿಂಗಳ ಹಿಂದೆ 9ರ ಆಸುಪಾಸಿನಲ್ಲಿತ್ತು. ಈಗ 38ಓ 39ಓ ಇದೆ. ನೇರವಾಗಿ ಅಕ್ಕನ ಮುಂದೆ ಇಟ್ಟೆ. "ಲಿವರ್ ತಿಂದು ಹಾರ್ಮೋನ್ ಸರಿ ಮಾಡ್ಕೋತೀಯಾ?" ಅಂತ ಮೊದಲ ದಿನದಿಂದ ಕೇಳುತ್ತಿದ್ದವಳು ಅವಳೇ. ಎರಡು ಸಲ ಓದಿದಳು. ಈಗ ಶನಿವಾರ ಬಂದರೆ ಅವಳೂ ತಟ್ಟೆ ಹಿಡಿದು ಕೂರುತ್ತಾಳೆ.

ನನಗೆ ಪಿಸಿಓಎಸ್ ಇದೆ, ಅಂದರೆ ಹಾರ್ಮೋನ್ ಏರುಪೇರಾಗಿ ಮುಟ್ಟು ಹಿಂದೆಮುಂದೆ ಆಗುವ ತೊಂದರೆ. ಮುಟ್ಟು 50-60 ದಿನಕ್ಕೊಮ್ಮೆ, ಬಂದರೆ 8-9 ದಿನ ನಿಲ್ಲುತ್ತಿರಲಿಲ್ಲ. ಕಬ್ಬಿಣ ಎಲ್ಲಾ ಅಲ್ಲೇ ಖಾಲಿ. ಮೆಟ್‌ಫಾರ್ಮಿನ್ (ಸಕ್ಕರೆ ಹಿಡಿತಕ್ಕೆ ಕೊಡುವ ಮಾತ್ರೆ) ಬೇರೆ ತಗೋತೀನಿ, ಅದು ವರ್ಷಗಟ್ಟಲೆ ತಗೊಂಡರೆ ವಿಟಮಿನ್ ಬಿ12 ಇಳಿಸಬಹುದು. ಥೈರಾಯ್ಡ್ ಕೂಡ ಅಂಚಿನಲ್ಲೇ ಇತ್ತು, ಅದರ ಹಾರ್ಮೋನ್ ತಯಾರಾಗಲಿಕ್ಕೂ ಕಬ್ಬಿಣ ಬೇಕು. ಕಬ್ಬಿಣದ ಮಾತ್ರೆ ನುಂಗಿದರೆ ಮಲಬದ್ಧತೆ. ಮೂರು ಬ್ರ್ಯಾಂಡ್ ಬದಲಿಸಿದೆ, ಮೇಲೆ ಹಾರ್ಮೋನಿಗೆ ಒಳ್ಳೆಯದು ಅಂತ ಒಂದು ದುಬಾರಿ ಪುಡಿ. ಹೀಗೆ ನಾಲ್ಕು ತಿಂಗಳಲ್ಲಿ ಸುರಿದ ದುಡ್ಡಿಗೆ ಒಂದು ವರ್ಷದ ಕೋಳಿ ಲಿವರ್ ಬರುತ್ತಿತ್ತು. ನೆನಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೊನೆಗೆ ಕಬ್ಬಿಣ, ಬಿ12 ಎರಡೂ ತುಂಬಿರುವ ಲಿವರ್ ಕಡೆ ತಿರುಗಿದೆ.

ಒಂದು ಮಾತು. ಲಿವರ್ ತಿಂದರೆ ಪಿಸಿಓಎಸ್ ವಾಸಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಮೆಟ್‌ಫಾರ್ಮಿನ್ ಬಿಟ್ಟಿಲ್ಲ, ದಿನಾ ನಡೀತೀನಿ, ಸಕ್ಕರೆ, ಹಿಟ್ಟು ಎರಡೂ ಬಿಟ್ಟು ಎರಡು ವರ್ಷ ಆಯ್ತು. ಆದರೆ ಎಲ್ಲಾ ಮಾಡಿದರೂ ಏರದಿದ್ದ ಫೆರಿಟಿನ್ ಏರಿದ್ದು ಲಿವರ್ ಶುರು ಮಾಡಿದ ಮೇಲೆ. ಮುಟ್ಟು ಈಗ 35-36 ದಿನಕ್ಕೆ ಬರುತ್ತಿದೆ.

ಈಗ ಅಡುಗೆಗೆ ಬರೋಣ. ಮೊದಲ ಎರಡು ಕೆಜಿ ಹೆಚ್ಚುಕಡಿಮೆ ಪೂರ್ತಿ ಹಾಳಾಯ್ತು. ಹಿಟ್ಟು ಸವರದೆ ಮೇಲೆ ಗರಿಗರಿ ಆಗಲ್ಲ ಅಂತ ಎಲ್ಲರೂ ಹೇಳಿದರು. ಬಾದಾಮಿ ಪುಡಿ ಸವರಿದೆ, ಲಿವರ್ ಬೇಯೋ ಮುಂಚೆ ಪುಡಿ ಸೀದು ಕಪ್ಪಾಯ್ತು. ಕೊಬ್ಬರಿ ಹಿಟ್ಟು ಹಾಕಿದೆ, ಒದ್ದೆ ಬಟ್ಟೆ ಸುತ್ತಿದ ಹಾಗಾಯ್ತು. ಎರಡೂ ಬೆಲೆಯಲ್ಲಿ ಲಿವರ್‌ಗಿಂತ ಜಾಸ್ತಿ, ಅದೇ ಹೆಚ್ಚು ಬೇಜಾರು.

ಕೊನೆಗೆ ಗೊತ್ತಾಗಿದ್ದು ಇಷ್ಟೇ: ಗರಿ ಬರೋದು ಹಿಟ್ಟಿನಿಂದ ಅಲ್ಲ, ಒಣಗಿದ ಮೈಯಿಂದ. ಕುರಿ ಲಿವರ್ ಆದರೆ ಮೇಲಿನ ಪೊರೆ ಎಳೆದು ತೆಗೀತೀನಿ, ಫ್ರೀಜರ್‌ನಲ್ಲಿ ಮುಕ್ಕಾಲು ಗಂಟೆ ಇಟ್ಟು ಅರ್ಧ ಗಟ್ಟಿಯಾದಾಗ ಒಂದು ಸೆಂಟಿಮೀಟರ್ ದಪ್ಪಕ್ಕೆ ಕೊಯ್ಯುತ್ತೀನಿ. ಮೆತ್ತಗಿರುವಾಗ ಕೊಯ್ದರೆ ಚಾಕು ಜಾರಿ ಒಂದು ಕಡೆ ದಪ್ಪ ಒಂದು ಕಡೆ ತೆಳು, ಆಮೇಲೆ ಯಾವ ದೇವರಿಗೂ ಸಮವಾಗಿ ಬೇಯಿಸಲಿಕ್ಕಾಗಲ್ಲ. ಕೋಳಿ ಲಿವರ್‌ನಲ್ಲಿ ಹಸಿರು ಕಲೆ ಕಂಡರೆ ಅಷ್ಟು ಜಾಗ ಕೊಯ್ದು ಬಿಸಾಕಿ. ಅದು ಪಿತ್ತ. ಒಂದು ಚೂರು ಉಳಿದರೂ ಇಡೀ ಬಾಣಲೆ ಕಹಿ.

ವಾಸನೆಗೆ ಹಾಲಲ್ಲಿ ನೆನೆಸೋದು ಬಿಟ್ಟೆ. ನೀರಿಗೆ ನಿಂಬೆರಸ ಹಿಂಡಿ 20-25 ನಿಮಿಷ ಇಟ್ಟರೆ ಸಾಕು. ಒಮ್ಮೆ ಜಾಸ್ತಿ ಒಳ್ಳೆಯದಾಗಲಿ ಅಂತ ವಿನೆಗರ್‌ನಲ್ಲಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಮೇಲ್ಮೈ ಬಿಳಿಚಿಕೊಂಡು ಸುಣ್ಣದ ತುಂಡಿನ ಹಾಗಿತ್ತು.

ಆಮೇಲೆ ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಬೇಕು. ಬಟ್ಟೆಗೆ ತೇವ ಹತ್ತೋದು ನಿಲ್ಲುವ ತನಕ. ಉಪ್ಪು ಈಗಲೇ ಹಾಕಬೇಡಿ, ನೀರು ಬಿಡುತ್ತೆ. ಕಬ್ಬಿಣದ ಕಾವಲಿ ಚೆನ್ನಾಗಿ ಕಾದ ಮೇಲೆ ಎಣ್ಣೆ, ಒಂದೊಂದೇ ತುಂಡು, ನಡುವೆ ಜಾಗ ಬಿಟ್ಟು. ಈಗ ಮುಟ್ಟಬೇಡಿ, ಮೇಲಿನ ಮೈ ನೋಡ್ತಾ ಇರಿ. ಒಂದೂವರೆ ನಿಮಿಷಕ್ಕೆ ಗುಲಾಬಿ ಬಣ್ಣದ ಸಣ್ಣ ಹನಿಗಳು ಮಣಿ ಕಟ್ಟಿದ ಹಾಗೆ ಮೇಲೆ ಏಳುತ್ತವೆ. ಆಗ ಮಗುಚಿ. ಇನ್ನೊಂದು ಬದಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು, ಆಮೇಲೆ ಬೆಣ್ಣೆ, ಕಾಳುಮೆಣಸು, ಉಪ್ಪು. ಕೋಳಿ ಲಿವರ್ ಗುಂಡಗಿರೋದರಿಂದ ಬದಿಗೆ ಮೂರು ನಿಮಿಷ ಬೇಕು. ಥರ್ಮಾಮೀಟರ್ ಚುಚ್ಚಿ ನೋಡಿ, ಒಳಗೆ 74 ಡಿಗ್ರಿ ಬರಲೇಬೇಕು. ಹಸಿ ಉಳಿದ ಕೋಳಿ ಲಿವರ್ ಹೊಟ್ಟೆ ಕೆಡಿಸುತ್ತೆ. 80 ದಾಟಿಸಿದರೆ ಮರಳು ಮರಳು. ಈ ನಡುವಿನ ಐದಾರು ಡಿಗ್ರಿಯಲ್ಲೇ ಇರೋದು ಮೆತ್ತಗಿನ ಲಿವರ್. ಅಲ್ಲಿಗೆ ಕೈ ಕೂರಲು ನನಗೆ ಎರಡು ತಿಂಗಳು ಹಿಡೀತು. ಈಗ ಗಡಿಯಾರ ನೋಡದೇ ಗೊತ್ತಾಗುತ್ತೆ, ಆದರೂ ಚುಚ್ಚಿ ನೋಡದೆ ಇಳಿಸಲ್ಲ. ಇಳಿಸೋ ಮುಂಚೆ ಉದುರಿಸುವ ಪುಡಿ ಒಂದಿದೆ, ಅದು ನನ್ನ ಹತ್ತಿರವೇ ಇರಲಿ. ಅಕ್ಕನಿಗೂ ಹೇಳಿಲ್ಲ.

ಕಾರ್ಬ್ (ಪಿಷ್ಟ, ಸಕ್ಕರೆ) ಲೆಕ್ಕದಲ್ಲಿ ನಾನು ತಪ್ಪಿದ್ದು ಈರುಳ್ಳಿಯಲ್ಲಿ. ಕೋಳಿ ಲಿವರ್ 100 ಗ್ರಾಂಗೆ ಒಂದು ಗ್ರಾಂ ಕೂಡ ಇಲ್ಲ, ಕುರಿದು ಎರಡರ ಹತ್ತಿರ. ನಾನು ಅರ್ಧ ಕೆಜಿ ಲಿವರ್‌ಗೆ ನಾಲ್ಕು ಈರುಳ್ಳಿ ಬಾಡಿಸಿ ಹಾಕ್ತಿದ್ದೆ. ಈರುಳ್ಳಿ 100 ಗ್ರಾಂಗೆ 9 ಗ್ರಾಂ ಆಗುತ್ತೆ! ತಿಂಗಳುಗಟ್ಟಲೆ ಇದು ಹೊಳೆದೇ ಇರಲಿಲ್ಲ. ಈಗ ಒಂದು ಸಣ್ಣ ಈರುಳ್ಳಿ, ಉಳಿದ ಜಾಗಕ್ಕೆ ಅಣಬೆ. ಅಣಬೆಯ ನೀರು ಪೂರ್ತಿ ಇಂಗಿ ಕೆಂಪಗಾಗುವ ತನಕ ಬೇರೆಯಾಗಿ ಹುರಿದು ಕೊನೆಗೆ ಸೇರಿಸಿ. ಒಟ್ಟಿಗೆ ಹಾಕಿದರೆ ಎಲ್ಲಾ ಬೆಂದು ಮುದ್ದೆ.

ಪ್ರಮಾಣದಲ್ಲೂ ಎಡವಿದ್ದೇನೆ. ಶುರುವಿನಲ್ಲಿ ಉತ್ಸಾಹಕ್ಕೆ ವಾರಕ್ಕೆ ನಾಲ್ಕು ದಿನ ತಿಂದೆ. ತಿಂಗಳಾಗುವಷ್ಟರಲ್ಲಿ ತುಟಿ ಒಡೆಯತೊಡಗಿತು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ ಏನು ತಿಂತಾ ಇದ್ದೀರಿ ಅಂತ. ವಿಟಮಿನ್ ಎ ದೊಡ್ಡವರಿಗೆ ಸರಾಸರಿ ದಿನಕ್ಕೆ 3,000 ಮೈಕ್ರೋಗ್ರಾಂ ಮೀರಬಾರದು. ಕುರಿ ಲಿವರ್ 100 ಗ್ರಾಂನಲ್ಲಿ 7,000 ದಾಟುತ್ತೆ, ಕೋಳಿಯದರಲ್ಲೂ 3,000 ಇದೆ. ಈಗ ವಾರಕ್ಕೊಂದೇ ಸಲ, 100 ಗ್ರಾಂ, ತೂಗಿ. ಗರ್ಭಿಣಿಯರು, ಮಗುವಿಗಾಗಿ ಪ್ರಯತ್ನಿಸುತ್ತಿರುವವರು ದಯವಿಟ್ಟು ಇದರ ತಂಟೆಗೇ ಬರಬೇಡಿ. ಪಿಸಿಓಎಸ್ ಇರುವ ಎಷ್ಟೋ ಜನ ಮಗುವಿಗಾಗಿ ಕಾಯುತ್ತಿರುತ್ತೀರಿ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಯೂರಿಕ್ ಆಸಿಡ್ ತೊಂದರೆ ಇರುವವರೂ ಅಷ್ಟೇ.

ನಡುವೆ ಲಿವರ್ ಒಣಗಿಸಿ ಪುಡಿ ಮಾಡಲು ಹೋದೆ. ಓವನ್‌ನಲ್ಲಿ ಏಳೆಂಟು ಗಂಟೆ. ವಾಸನೆ ಮೂರು ದಿನ ಪರದೆ ಬಿಡಲಿಲ್ಲ, ಸಿಕ್ಕಿದ್ದು ಒಂದು ಹಿಡಿ ಪುಡಿ. ಮತ್ತೆ ಮಾಡಲ್ಲ. ಕೈಮಾದಲ್ಲಿ ನಾಲ್ಕಕ್ಕೆ ಒಂದು ಪಾಲು ಲಿವರ್ ಅರೆದು ಬೆರೆಸಿದ್ದು ಮಾತ್ರ ಗೆದ್ದಿತು, ಲಿವರ್ ಅಂದರೆ ಮೂಗು ಮುಚ್ಚುವ ಮಗನಿಗೆ ಗೊತ್ತೇ ಆಗಲಿಲ್ಲ.

ಉಳಿದದ್ದನ್ನು ಮತ್ತೆ ಬಿಸಿ ಮಾಡಬೇಡಿ, ರಬ್ಬರ್ ಆಗುತ್ತೆ. ನಾನು ಫ್ರಿಜ್‌ನಿಂದ ತೆಗೆದು ತಣ್ಣಗಿರುವಾಗಲೇ ಬೆಣ್ಣೆ, ಎರಡು ಹನಿ ನಿಂಬೆರಸ ಹಾಕಿ ನುಣ್ಣಗೆ ರುಬ್ಬುತ್ತೀನಿ. ದಪ್ಪ ಸೌತೆಕಾಯಿ ಬಿಲ್ಲೆಯ ಮೇಲೆ ಹಚ್ಚಿ ತಿನ್ನಲಿಕ್ಕೆ. ಎರಡು ದಿನ ಇರುತ್ತೆ, ನಮ್ಮನೇಲಿ ಒಂದು ದಿನ ದಾಟಿದ್ದಿಲ್ಲ.