ಫೋಟೋಗೆ ‘ಸೂಪರ್’ ಅಂದರೆ ಸಾಲದು

ಗೆಳೆಯರೇ, ನಮ್ಮ ಈ ಫೋಟೋ ಗುಂಪಿನಲ್ಲಿ ಯಾರಾದರೂ ಫೋಟೋ ಹಾಕಿದಾಗ ಸುಮ್ನೆ ‘ಸೂಪರ್’ ಅಂದು ಮುಂದೆ ಹೋಗಬೇಡಿ. ಅವರಿಗೆ ಖುಷಿಯಾಗುತ್ತದೆ, ಆದರೆ ಕಲಿಯಲು ಏನೂ ಸಿಗುವುದಿಲ್ಲ. ‘ಚೆನ್ನಾಗಿಲ್ಲ’ ಅನ್ನುವುದೂ ಅಷ್ಟೇ.

ಒಂದು ನಿಮಿಷ ನೋಡಿ. ಕಣ್ಣು ಮೊದಲು ಎಲ್ಲಿಗೆ ಹೋಯಿತು? ಅದನ್ನೇ ಬರೆಯಿರಿ. ಮೊನ್ನೆ ನಮ್ಮ ಚಿತ್ರದುರ್ಗದ ಕೋಟೆಯ ಫೋಟೋ ಒಂದು ಬಂದಿತ್ತು. ಒನಕೆ ಓಬವ್ವನ ಕಿಂಡಿಯ ಹತ್ತಿರ ಹುಡುಗಿಯೊಬ್ಬಳು ನಿಂತಿದ್ದಾಳೆ. ನಡುಮಧ್ಯಾಹ್ನದ ಬಿಸಿಲು. ಬಂಡೆ ಪೂರ್ತಿ ಬೆಳ್ಳಗೆ, ಮುಖ ಕಪ್ಪು. ನಾನು ಬರೆದದ್ದು ಇಷ್ಟು: ‘ಬಂಡೆಗಳ ಸಂದಿನಲ್ಲಿ ನಿಲ್ಲಿಸಿದ್ದು ಚೆಂದ, ಕಣ್ಣು ನೇರ ಅವಳ ಮೇಲೆ ಬೀಳುತ್ತದೆ. ಬಿಸಿಲು ಜಾಸ್ತಿಯಾಗಿ ಬಂಡೆಯ ಗೆರೆಗಳು ಅಳಿಸಿಹೋಗಿವೆ. ಸಂಜೆ 5ರ ಹೊತ್ತಿಗೆ ಇದೇ ಜಾಗದಲ್ಲಿ ಒಮ್ಮೆ ತೆಗೆಯಿರಿ.’ ಫೋಟೋ ತೆಗೆದಿದ್ದ ತಮ್ಮ ಭಾನುವಾರವೇ ಮತ್ತೆ ಕೋಟೆ ಹತ್ತಿದ. ಈ ಸಲ ಕಲ್ಲಿನ ಒರಟುತನ ಕೈಗೆ ತಾಗುವಷ್ಟು ಚೆನ್ನಾಗಿ ಬಂದಿತ್ತು!

ತಪ್ಪು ಅನಿಸಿದರೆ ಮೊದಲು ಕೇಳಿ. ಹಾರುವ ಬೆಳ್ಳಕ್ಕಿಯ ರೆಕ್ಕೆ ಮಸುಕಾಗಿದ್ದರೆ, ಬೇಕೆಂದೇ ಹಾಗೆ ತೆಗೆದಿರಬಹುದು ಅಲ್ವಾ? ‘ಶಟರ್ (ಕ್ಯಾಮೆರಾ ಬೆಳಕನ್ನು ಒಳಬಿಡುವ ಸಮಯ) ಎಷ್ಟಿಟ್ಟಿದ್ದಿರಿ?’ ಅನ್ನಿ. ಮಸುಕು ಬೇಕಿರಲಿಲ್ಲ, 1/250 ಸೆಕೆಂಡ್ ಇಟ್ಟಿದ್ದೆ ಅಂತ ಅವರು ಹೇಳಿದರೆ, ರೆಕ್ಕೆ ಸ್ಪಷ್ಟವಾಗಿ ಬರಲು 1/2000 ಇಟ್ಟು ನೋಡಲು ಹೇಳಿ.

ಹೊಸ ಲೆನ್ಸ್ ಕೊಳ್ಳಿ ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಇಲ್ಲಿ ತುಂಬಾ ಜನ ಮೊಬೈಲಿನಲ್ಲೇ ತೆಗೆಯುತ್ತಾರೆ.