ಚಳಿಗಾಲದಲ್ಲಿ ನಮ್ಮ ತೋಟ ನಡೆಯುವುದು ಕಣದ ಲೆಕ್ಕದಲ್ಲಿ

ನಮ್ಮದು ಮಲೆನಾಡಿನಲ್ಲಿ ಎಲ್ಲೆಡೆ ಕಾಣುವಂಥ ಮಿಶ್ರ ಬೆಳೆಯ ತೋಟ. ಗುಡ್ಡದ ಮೇಲೆ ಅರೇಬಿಕಾ ಕಾಫಿ, ಅದರ ಕೆಳಗೆ ಒಂದಿಷ್ಟು ರೋಬಸ್ಟಾ ಕಾಫಿ, ತಗ್ಗಿನಲ್ಲಿ ಅಡಿಕೆ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಕಾಳುಮೆಣಸು, ಮನೆ ಊಟಕ್ಕೆ ಸಾಕಾಗುವಷ್ಟು ಗದ್ದೆ, ಕೊಟ್ಟಿಗೆಯಲ್ಲಿ ದನ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕಾಪಾಡುತ್ತೆ ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜವೇ. ಆದರೆ ಇವೆಲ್ಲ ನವೆಂಬರ್‌ನಿಂದ ಮಾರ್ಚ್ ಒಳಗೆ ಒಂದರ ಹಿಂದೆ ಒಂದು ಕೊಯ್ಲಿಗೆ ಬರುತ್ತವೆ, ಎಲ್ಲಕ್ಕೂ ಬಿಸಿಲು ಬೇಕು, ಒಣಗಿಸಲು ಮನೆ ಮುಂದೆ ಇರುವುದು ಒಂದೇ ಕಣ! ಆಳು ಸಿಗಲ್ಲ ಅನ್ನೋದು ಎಲ್ಲರ ಗೋಳು, ನಮ್ಮದೂ ಅದೇ. ಆದರೆ ಇವತ್ತು ತೋಟದ ಯಾವ ಪಟ್ಟೆಗೆ, ಅಂದರೆ ಯಾವ ಭಾಗಕ್ಕೆ, ಆಳು ಕಳಿಸಬೇಕು ಅನ್ನೋದನ್ನು ನಾವು ತೀರ್ಮಾನ ಮಾಡುವುದು ಕಣದಲ್ಲಿ ಇನ್ನೆರಡು ದಿನಕ್ಕೆ ಎಷ್ಟು ಜಾಗ ಖಾಲಿ ಆಗುತ್ತೆ ಅಂತ ನೋಡಿಕೊಂಡು. ಹಣ್ಣು ಗಿಡದಲ್ಲಿ ನಾಲ್ಕು ದಿನ ಕಾಯುತ್ತೆ. ಕೊಯ್ದ ಮೇಲೆ ಒಂದು ರಾತ್ರಿಯೂ ಕಾಯಲ್ಲ.

ಮಳೆ ಪೂರ್ತಿ ಹಿಂದೆ ಸರಿದ ಮೇಲೆ ಮೊದಲ ಕೆಲಸ ಕಣ ತಿಕ್ಕುವುದು. ಮಳೆಗಾಲದ ಪಾಚಿ ಕೆರೆದು, ತೊಳೆದು, ಬಿರುಕು ಬಿಟ್ಟ ಕಡೆ ಸಿಮೆಂಟ್ ಹಾಕಿಸುತ್ತೇವೆ. ಬಿರುಕಿನಲ್ಲಿ ಕೂತ ಹಳೇ ಬೀಜಕ್ಕೆ ಬೂಷ್ಟು ಬಂದರೆ ಹೊಸದಕ್ಕೂ ಅದರ ವಾಸನೆ. ಹಿಂದೆ ಸಗಣಿ ಸಾರಿಸಿದ ಮಣ್ಣಿನ ಕಣ ಇತ್ತು. ಭತ್ತಕ್ಕೆ ಅದು ಚೆನ್ನ, ಕಾಫಿಗೆ ಆಗಲ್ಲ, ಮಣ್ಣಿನ ವಾಸನೆ ಬೀಜಕ್ಕೆ ಬೇಗ ಹಿಡಿಯುತ್ತೆ. ಟಾರ್ಪಾಲುಗಳನ್ನು ಬಿಚ್ಚಿ ಬೆಳಕಿಗೆ ಹಿಡಿದು ಇಲಿ ಕಡಿದ ತೂತು ಹುಡುಕುವುದು ಅತ್ತೆಯ ಕೆಲಸ. ಅದರಲ್ಲಿ ಅವರನ್ನು ಬಿಟ್ಟರೆ ಇಲ್ಲ.

ಭತ್ತದ ಬಗ್ಗೆ ಜಾಸ್ತಿ ಹೇಳೋದಕ್ಕೆ ಏನಿಲ್ಲ. ಮೆಷಿನ್ ಬಂದ ಮೇಲೆ ಒಕ್ಕಲು ಗದ್ದೆಯಲ್ಲೇ ಮುಗಿಯುತ್ತೆ, ಭತ್ತ ಒಂದೆರಡು ಬಿಸಿಲು ಕಂಡು ಪಣತ (ಕಣಜ) ಸೇರುತ್ತೆ. ಹುಲ್ಲು ಮಾತ್ರ ಇಬ್ಬನಿಗೆ ನೆನೆಯುವ ಮೊದಲು ಬಣವೆ ಹಾಕಬೇಕು, ಇಲ್ಲದಿದ್ದರೆ ದನ ಮೂಸಿಯೂ ನೋಡಲ್ಲ.

ಆಮೇಲೆ ಅರೇಬಿಕಾ. ನಮ್ಮಲ್ಲಿ ಹಳೇ ಗಿಡ ಎಸ್ 795, ಹೊಸದಾಗಿ ಹಾಕಿದ್ದು ಚಂದ್ರಗಿರಿ. ಎರಡೂ ಒಟ್ಟಿಗೆ ಹಣ್ಣಾಗುವುದಿಲ್ಲ, ಒಂದೇ ಗಿಡದಲ್ಲೂ ಒಟ್ಟಿಗೆ ಆಗಲ್ಲ, ಹಾಗಾಗಿ ಒಂದೇ ಪಟ್ಟೆಗೆ ಮತ್ತೆ ಮತ್ತೆ ಹೋಗಬೇಕು. ಮೊದಲು ಅಲ್ಲೊಂದು ಇಲ್ಲೊಂದು ಕೆಂಪಾದದ್ದನ್ನು ಆರಿಸಿ ಕೊಯ್ಯುತ್ತೇವೆ, ಆಮೇಲೆ ಮುಖ್ಯ ಕೊಯ್ಲು, ಕೊನೆಗೆ ಉಳಿದದ್ದನ್ನೆಲ್ಲ ಉದುರಿಸುವುದು. ಗಿಡದ ಬುಡಕ್ಕೆ ಬಲೆ ಹಾಸುತ್ತೇವೆ. ಬಿದ್ದ ಹಣ್ಣು ಸಿಗಲಿ ಅಂತ ಮಾತ್ರ ಅಲ್ಲ. ನೆಲದಲ್ಲಿ, ಗಿಡದಲ್ಲಿ ಉಳಿದ ಹಣ್ಣಿನಲ್ಲೇ ಕಾಯಿ ಕೊರಕ ಹುಳ ಮುಂದಿನ ಬೆಳೆ ಬರುವವರೆಗೆ ಬದುಕಿರುತ್ತೆ. ಕೊಯ್ಯುವವರಿಗೆ ಕೂಲಿ ಕೆಜಿ ಲೆಕ್ಕದಲ್ಲಿ, ಹಾಗಾಗಿ ಹಸಿರು ಕಾಯಿಯೂ ಚೀಲಕ್ಕೆ ಬೀಳುತ್ತೆ. ತೂಕಕ್ಕೆ ಮೊದಲು ಚೀಲ ಸುರಿದು ಹಸಿರು ಆರಿಸಿ ಬೇರೆ ಇಡಿ ಅನ್ನುತ್ತೇವೆ, ಆದರೆ ಆರಿಸಿದ್ದನ್ನೂ ತೂಕಕ್ಕೆ ಸೇರಿಸಿಯೇ ಕೂಲಿ ಕೊಡುತ್ತೇವೆ. ಈ ಪದ್ಧತಿ ಶುರು ಮಾಡಿದ ಮೇಲೆ ಜಗಳವೇ ಇಲ್ಲ.

ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವುದು, ಅದೇ ದಿನ ಆಗಬೇಕು. ಸಂಜೆ ತೂಕ ಮುಗಿದ ಮೇಲೆ ಹಣ್ಣನ್ನು ನೀರಿಗೆ ಬಿಟ್ಟು, ತೇಲಿದ್ದನ್ನು ತೆಗೆದು, ಮುಳುಗಿದ್ದನ್ನು ಮಾತ್ರ ಪಲ್ಪರ್‌ಗೆ ಹಾಕುತ್ತೇವೆ. ಕರೆಂಟ್ ಇದ್ದರೆ ರಾತ್ರಿ ಊಟದ ಹೊತ್ತಿಗೆ ಮುಗಿಯಿತು, ಇಲ್ಲದಿದ್ದರೆ ಡೀಸೆಲ್ ಎಂಜಿನ್ ಸದ್ದಿನಲ್ಲೇ ಊಟ. ಸಿಪ್ಪೆ ಬಿಟ್ಟ ಬೀಜದ ಮೇಲೆ ಲೋಳೆ ಇರುತ್ತೆ, ತೊಟ್ಟಿಯಲ್ಲಿ ಕೊಳೆಯಲು ಬಿಟ್ಟಾಗ ಅದು ಕಳಚಿಕೊಳ್ಳುತ್ತೆ. ಅರೇಬಿಕಾಕ್ಕೆ ಸಾಮಾನ್ಯವಾಗಿ 24ರಿಂದ 36 ಗಂಟೆ ಅನ್ನುತ್ತಾರೆ. ಡಿಸೆಂಬರ್ ಕೊನೆಯ ಚಳಿಯಲ್ಲಿ ಗಡಿಯಾರ ನಂಬಿದರೆ ಕೆಲಸ ಕೆಟ್ಟಿತು. ನಮ್ಮ ಮೇಸ್ತ್ರಿ ತೊಟ್ಟಿಗೆ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಬೀಜ ಎತ್ತಿ, ನೀರಲ್ಲಿ ಅದ್ದಿ ಅಂಗೈಯಲ್ಲಿ ಉಜ್ಜಿ ನೋಡುತ್ತಾರೆ. "ಇನ್ನೂ ಜಾರ್ತಿದೆ ಅಮ್ಮಾ, ಬೆಳಗ್ಗೆ ನೋಡಣ" ಅಂದರೆ ಆ ರಾತ್ರಿ ತೊಳೆಯುವ ಮಾತಿಲ್ಲ. ಬೀಜ ಜಾರದೆ ಮರಳು ಕಲ್ಲಿನ ಹಾಗೆ ಕರಕರ ಅಂದಾಗ ತೊಳೆಯಬೇಕು, ಆಗ ತಡ ಮಾಡಲೂಬಾರದು, ಜಾಸ್ತಿ ಹೊತ್ತು ಬಿಟ್ಟರೆ ಹುಳಿ ವಾಸನೆ ಬಂದು ಇಡೀ ಲಾಟ್ ಹಾಳು. ತೊಳೆದ ನೀರನ್ನು ಹಳ್ಳಕ್ಕೆ ಬಿಡುವಂತಿಲ್ಲ. ಗುಂಡಿಗೆ ಹರಿಸಿ ಸುಣ್ಣ ಹಾಕುತ್ತೇವೆ. ಸಿಪ್ಪೆ ಸಗಣಿ ಜೊತೆ ಸೇರಿ ಗೊಬ್ಬರವಾಗುತ್ತೆ.

ಈಗ ಕಣದ ಲೆಕ್ಕ. ಹೀಗೆ ತೊಳೆದ, ತೆಳು ಹೊಟ್ಟು ಇನ್ನೂ ಮೇಲಿರುವ ಬೀಜಕ್ಕೆ ಪಾರ್ಚ್‌ಮೆಂಟ್ ಅನ್ನುತ್ತೇವೆ. ಅದು ಒಳ್ಳೆ ಬಿಸಿಲಿದ್ದರೆ 7ರಿಂದ 10 ದಿನಕ್ಕೆ ಒಣಗುತ್ತೆ. ಹಣ್ಣನ್ನೇ ಹಾಗೇ ಒಣಗಿಸಿ ಚೆರ್ರಿ ಮಾಡಿದರೆ ಎರಡು ವಾರವಾದರೂ ಬೇಕು, ಜಾಗವೂ ಜಾಸ್ತಿ. ನೂರು ಕೆಜಿ ಹಣ್ಣಿಗೆ ಒಣಗಿದ ಪಾರ್ಚ್‌ಮೆಂಟ್ ಬರುವುದು ಸುಮಾರು 20 ಕೆಜಿ ಮಾತ್ರ. ಪಾರ್ಚ್‌ಮೆಂಟ್ ಮಾಡೋದಾ, ಚೆರ್ರಿಗೆ ಬಿಡೋದಾ ಅನ್ನೋದನ್ನು ಹೆಚ್ಚಿನವರು ಪೇಟೆಯ ದರ ನೋಡಿ ತೀರ್ಮಾನಿಸುತ್ತಾರೆ. ನಾವು ದರ ನೋಡುತ್ತೇವೆ, ಆದರೆ ಕೊನೆ ಮಾತು ಕಣದ್ದೇ. ಹಣ್ಣು ಒತ್ತರಿಸಿ ಬರುವ ಡಿಸೆಂಬರ್‌ನಲ್ಲಿ ಎಲ್ಲ ಪಾರ್ಚ್‌ಮೆಂಟ್. ತೇಲು ಹಣ್ಣು, ಹಸಿರು ಕಾಯಿ, ಕೊನೆಗೆ ಉದುರಿಸಿದ್ದು, ಇವಷ್ಟೇ ಚೆರ್ರಿ.

ಬೆಳಗ್ಗೆ ಇಬ್ಬನಿ ಆರಿ ಕಣ ಬೆಚ್ಚಗಾಗುವವರೆಗೆ ಹರಡುವುದಿಲ್ಲ. ಹರಡಿದ ಮೇಲೆ ಗಂಟೆಗೊಮ್ಮೆ ಕೈಯಾಡಿಸಬೇಕು. ನೆತ್ತಿ ಸುಡುವ ಬಿಸಿಲಿಗೆ ಪಾರ್ಚ್‌ಮೆಂಟ್ ಬಿಟ್ಟರೆ ಹೊಟ್ಟು ಬಿರಿಯುತ್ತೆ, ಆ ಹೊತ್ತಿಗೆ ಸ್ವಲ್ಪ ಮುಚ್ಚುತ್ತೇವೆ. ಸಂಜೆ ಬಿಸಿ ಇರುವಾಗಲೇ ರಾಶಿ ಮಾಡಿ ಟಾರ್ಪಾಲು. ಒಣಗಿತಾ ಅಂತ ನೋಡಲು ತೇವಾಂಶದ ಮೀಟರ್ ಇದೆ, ಪಾರ್ಚ್‌ಮೆಂಟ್‌ಗೆ 10 ಪರ್ಸೆಂಟ್, ಅರೇಬಿಕಾ ಚೆರ್ರಿಗೆ 10.5, ರೋಬಸ್ಟಾ ಚೆರ್ರಿಗೆ 11. ಆದರೂ ಮಾವ ಹಳೇ ಫಾರ್ಲಿಟ್ ಡಬ್ಬ ಬಿಡುವುದಿಲ್ಲ. 40 ಲೀಟರಿನ ಆ ಡಬ್ಬ ತುಂಬಿ ತೂಗಿ, ಸತತ ಎರಡು ದಿನ ಒಂದೇ ತೂಕ ಬಂದರೆ ಮಾತ್ರ ಚೀಲ ಕಟ್ಟಲು ಒಪ್ಪುತ್ತಾರೆ. ಮೀಟರಿನ ಬ್ಯಾಟರಿ ಯಾವಾಗ ಇಳಿದಿರುತ್ತೋ ಯಾರಿಗೆ ಗೊತ್ತು, ಅವರು ಹೇಳೋದರಲ್ಲೂ ಅರ್ಥ ಇದೆ ಅಲ್ವಾ?

ಇದರ ಮಧ್ಯೆ ಅಡಿಕೆ. ಕೆಂಪಡಿಕೆಗೆ ಎಳೆಯದು ಕೊಯ್ದು, ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿದ ಕೆಂಪು ನೀರಿನಲ್ಲಿ) ಬೇಯಿಸಿ, ಮತ್ತೆ ಕಣಕ್ಕೇ ತರಬೇಕು. ಕಾಫಿ ಜೋರಿರುವಾಗ ಅದು ಆಗದ ಮಾತು. ಹಾಗಾಗಿ ಎಳೆ ಅಡಿಕೆಯ ಕೊಯ್ಲುಗಳನ್ನು ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಡುತ್ತೇವೆ, ಅವರೇ ಕೊಯ್ದು ಹಸಿಯಾಗಿಯೇ ಒಯ್ಯುತ್ತಾರೆ. ಸ್ವಂತ ಬೇಯಿಸಿದರೆ ಲಾಭ ಜಾಸ್ತಿ ಅಂತ ನೆಂಟರು ಪ್ರತಿ ವರ್ಷ ಬುದ್ಧಿ ಹೇಳುತ್ತಾರೆ. ಬಂದು ಸುಲಿದು ಕೊಡುವವರು ಮಾತ್ರ ಯಾರೂ ಇಲ್ಲ. ಕೊನೆಯ ಕೊಯ್ಲಿನ ಹಣ್ಣಡಿಕೆಯನ್ನು ಚಾಲಿಗೆ, ಅಂದರೆ ಬೇಯಿಸದೆ ಸಿಪ್ಪೆ ಸಮೇತ ಒಣಗಿಸಲು, ಇಟ್ಟುಕೊಳ್ಳುತ್ತೇವೆ. ಅದಕ್ಕೆ ತಿಂಗಳುಗಟ್ಟಲೆ ಬಿಸಿಲು ಬೇಕು ನಿಜ, ಆದರೆ ಅದು ಕೊಟ್ಟಿಗೆಯ ಪಕ್ಕದ ಅಂಗಳದಲ್ಲಿ ತನ್ನ ಪಾಡಿಗೆ ಬಿದ್ದಿರುತ್ತೆ, ಕಣ ಕೇಳಲ್ಲ.

ದರಗು ತರುವ ವಿಷಯ ಒಂದನ್ನು ಹೇಳಲೇಬೇಕು. ಕೊಟ್ಟಿಗೆಗೆ ಹಾಸಲು ಕಾಡಿನ ಒಣ ಎಲೆ ಗುಡಿಸುವುದು ಚಳಿಗಾಲದ ಮಾಮೂಲಿ ಕೆಲಸವಾಗಿತ್ತು. ಅದೇ ಸಮಯದಲ್ಲಿ ಸಣ್ಣ ಉಣುಗು (ಉಣ್ಣೆ) ಜಾಸ್ತಿ, ಅದು ಕಚ್ಚಿ ಮಂಗನ ಕಾಯಿಲೆ ಹರಡುವುದೂ ಆಗಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ಕಾಯಿಲೆ ಇವತ್ತಿಗೂ ಮಲೆನಾಡು ಬಿಟ್ಟು ಹೋಗಿಲ್ಲ. ನಾವು ಬೇಸಗೆ ಮುಗಿಯುವವರೆಗೆ ಕಾಡಿನ ದರಗು ಮುಟ್ಟುವುದಿಲ್ಲ, ಕೊಟ್ಟಿಗೆಗೆ ಭತ್ತದ ಹೊಟ್ಟು ಹಾಕುತ್ತೇವೆ. ಕಾಡಂಚಿನ ಪಟ್ಟೆಗೆ ಹೋಗುವವರಿಗೆ ಉದ್ದ ತೋಳಿನ ಅಂಗಿ, ಉಣುಗು ಹತ್ತದಂತೆ ಕೈಕಾಲಿಗೆ ಡೆಪಾ ಎಣ್ಣೆ, ಸಂಜೆ ಬಂದ ತಕ್ಷಣ ಬಿಸಿನೀರು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೆ ಫೋನ್ ಮಾಡುವುದು ಅಂತ ಲೈನ್ ಮನೆಯ, ಅಂದರೆ ಕೆಲಸದವರ ಮನೆಯ, ಮಕ್ಕಳಿಗೂ ಹೇಳಿಟ್ಟಿದ್ದೇವೆ.

ಜನವರಿಯಲ್ಲಿ ಅರೇಬಿಕಾ ಇಳಿಮುಖ, ರೋಬಸ್ಟಾ ಶುರು. ಇದು ಪೂರ್ತಿ ಚೆರ್ರಿ. ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿದಾಗ ಒಳಗೆ ಗಲಗಲ ಅಂದರೆ ಒಣಗಿದೆ ಅಂತ. ಇದನ್ನು ಎಳೆಯುವಂತಿಲ್ಲ, ಯಾಕೆಂದರೆ ಹೂ ಅರಳಲಿ ಅಂತ ನೀರು ಕೊಡುವ ಮೊದಲು ಗಿಡ ಖಾಲಿ ಇರಬೇಕು. ಅಕಾಲದ ಮಳೆ ಬಂದು ಹಣ್ಣಿರುವಾಗಲೇ ಹೂ ಅರಳಿತೋ, ಕೊಯ್ಯುವ ಕೈಯೇ ಮುಂದಿನ ಬೆಳೆ ಉದುರಿಸುತ್ತೆ. ಈಚೆಗೆ ಇದು ಯಾವಾಗಲೋ ಒಮ್ಮೆ ಆಗುವ ಸಂಗತಿಯಾಗಿ ಉಳಿದಿಲ್ಲ. ಮೋಡ ಕಂಡರೆ ಆಕಾಶ ನೋಡುವ ಬದಲು ಎಲ್ಲರೂ ಟಾರ್ಪಾಲಿಗೆ ಓಡುತ್ತೇವೆ.

ಫೆಬ್ರವರಿಯಲ್ಲಿ ಮೆಣಸು. ಗೊಂಚಲಲ್ಲಿ ಒಂದೆರಡು ಕಾಳು ಕೆಂಪಾದರೆ ಆ ಬಳ್ಳಿ ಕೊಯ್ಯಬಹುದು. ಏಣಿ ಹತ್ತುವವರು ನಾಲ್ಕೇ ಜನ, ಅವರ ದಿನ ಸಿಕ್ಕಿದಾಗ ಕಣ ಖಾಲಿ ಇರಲೇಬೇಕು. ಬಿಡಿಸಿದ ಕಾಳನ್ನು ಬುಟ್ಟಿಯಲ್ಲಿ ಕುದಿಯುವ ನೀರಿಗೆ ಒಂದು ನಿಮಿಷ ಅದ್ದಿ ತೆಗೆಯುತ್ತೇವೆ. ಬಣ್ಣ ಒಂದೇ ಸಮ ಕಪ್ಪು ಬರಲಿ ಅಂತ ಮಾಡುವವರು ಇದ್ದಾರೆ, ನಾವು ಮಾಡುವುದು ಬೇಗ ಒಣಗಿ ಕಣ ಬಿಟ್ಟುಕೊಡಲಿ ಅಂತ. ಮೂರು ಕೆಜಿ ಹಸಿಗೆ ಒಂದು ಕೆಜಿ ಒಣ ಮೆಣಸು ಸಿಕ್ಕರೆ ಲೆಕ್ಕ ಸರಿ.

ಇನ್ನೊಂದು ಸಿಮೆಂಟ್ ಕಣ ಹಾಕಿಸೋಣ ಅಂತ ನಮ್ಮ ಯಜಮಾನರು ಈ ವರ್ಷ ಮತ್ತೆ ಶುರು ಮಾಡಿದ್ದಾರೆ. ನನಗೆ ಬೇಡ. ಎಂಟು ತಿಂಗಳು ಸುಮ್ನೆ ಪಾಚಿ ಹಿಡಿಯುವ ಕಾಂಕ್ರೀಟಿಗೆ ದುಡ್ಡು ಹಾಕುವ ಬದಲು ಮಡಚಿಡಬಹುದಾದ ಬಲೆಯ ಮಂಚಗಳನ್ನು ಮಾಡಿಸಿ ಅಂದಿದ್ದೇನೆ. ಪಾರ್ಚ್‌ಮೆಂಟ್‌ಗೆ ಕೆಳಗಿನಿಂದಲೂ ಗಾಳಿ ಆಡುತ್ತೆ, ಮೋಡ ಬಂದರೆ ಇಬ್ಬರು ಹಿಡಿದು ಒಳಗೆ ಇಡಬಹುದು. ಮಾವ ಇನ್ನೂ ಯಾರ ಪಕ್ಷ ಅಂತ ಹೇಳಿಲ್ಲ.